ಕತ್ತಿ ಕೊಳ್ಳುವ ಮುಂಚೆ ಒರೆ ನೋಡಿ



ಈ ಸಂಚಿಕೆ ಶುರುವಾಗೋದು ನನ್ನ ಬಲತೊಡೆಯಿಂದ. ಅಲ್ಲಿ ಆರು ಹೊಲಿಗೆಯ ಗುರುತಿದೆ. ಕಾಲೇಜಿನ ಕೊನೇ ವರ್ಷ, ಮಳೆಗಾಲ, ಸಕಲೇಶಪುರದ ಕಡೆ ಒಂದು ಗುಡ್ಡ ಹತ್ತೋಕೆ ನಾವು ನಾಲ್ಕು ಜನ ಹೊರಟಿದ್ದೆವು. ಅದಕ್ಕೂ ಒಂದು ವಾರದ ಹಿಂದೆ ನಾನು ಆನ್‌ಲೈನಲ್ಲಿ ಒಂದು 'ಸರ್ವೈವಲ್' ಚಾಕು ತರಿಸಿದ್ದೆ. ಮುಂಗೈಯಷ್ಟು ಉದ್ದ, ಬೆನ್ನ ಮೇಲೆ ಗರಗಸದ ಹಲ್ಲು, ಟೊಳ್ಳು ಹಿಡಿ. ಹಿಡಿಯ ಮುಚ್ಚಳ ತಿರುಗಿಸಿದರೆ ಒಳಗೆ ಬೆಂಕಿಕಡ್ಡಿ, ಸೂಜಿ, ದಾರ. ಅದನ್ನು ಸೊಂಟಕ್ಕೆ ಕಟ್ಟಿ ಫೋಟೋ ತೆಗೆಸಿಕೊಂಡಾಗ ನನ್ನಷ್ಟು ಧೈರ್ಯವಂತ ಇನ್ನೊಬ್ಬನಿಲ್ಲ ಅನ್ನಿಸಿತ್ತು.

ಇಳಿಯುವಾಗ ಜಾರಿದೆ. ದೊಡ್ಡ ಬೀಳಲ್ಲ, ಕುಂಡೆ ಊರಿ ಕೂತಂಗಾಯ್ತು ಅಷ್ಟೇ. ಆದರೆ ಚಾಕುವಿನ ಮೊನೆ ಆ ನೈಲಾನ್ ಒರೆಯನ್ನು ತೂತು ಮಾಡಿಕೊಂಡು ಪ್ಯಾಂಟು ದಾಟಿ ತೊಡೆಗೆ ಹೋಗಿತ್ತು. ಹಿಡಿಯೊಳಗೆ ಸೂಜಿದಾರ ಇತ್ತು, ನಿಜ. ಹೊಲಿಗೆ ಹಾಕಿದ್ದು ಮಾತ್ರ ಆಸ್ಪತ್ರೆಯ ಡಾಕ್ಟರು.

ವಾಸಿಯಾಗೋ ತನಕ ಇರು ಅಂತ ತೀರ್ಥಹಳ್ಳಿ ಹತ್ತಿರದ ಅಜ್ಜನ ಮನೆಗೆ ಕಳಿಸಿದರು. ಅಜ್ಜ ಚಾಕುವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಬೈತಾರೆ ಅಂದುಕೊಂಡೆ. ಬೈಲಿಲ್ಲ. ಆ ನೈಲಾನನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದು ಚೀಲ ಆಯ್ತು. ಒರೆ ಎಲ್ಲಿ ಮಾರಾಯ?" ಅಂದರು.

ಆ ಒಂದು ಪ್ರಶ್ನೆ ಹಿಡ್ಕೊಂಡು ನಾನು ಚಾಕುಗಳ ಇತಿಹಾಸ ಓದೋಕೆ ಶುರು ಮಾಡಿದೆ. ಇವತ್ತು ನಿಮಗೆ ಹೇಳೋಕೆ ಹೊರಟಿರೋದು ಅದೇ. ಮಡಚೋಕೆ ಬಾರದ, ಒರೆಯಲ್ಲಿಟ್ಟು ಒಯ್ಯುವ ಚಿಕ್ಕ ಚಾಕು. ಇಂಗ್ಲಿಷಿನಲ್ಲಿ ಫಿಕ್ಸ್ಡ್ ಬ್ಲೇಡ್ ಅಂತಾರಲ್ಲ, ಅದು. ಚಾರಣಕ್ಕೆ, ತೋಟಕ್ಕೆ, ಕ್ಯಾಂಪಿಂಗಿಗೆ ಅಂಥದ್ದೊಂದು ಕೊಳ್ಳಬೇಕು ಅಂತಿದ್ದರೆ ಯಾವುದನ್ನು ಆರಿಸಬೇಕು? ಇದಕ್ಕೆ ಉತ್ತರ ಕೊಟ್ಟವರಲ್ಲಿ ತುಂಬಾ ಹಳಬನೊಬ್ಬ ಮಂಜಿನೊಳಗೆ ಸಿಕ್ಕಿದ.

1991ರ ಸೆಪ್ಟೆಂಬರ್ 19. ಇಟಲಿ ಮತ್ತು ಆಸ್ಟ್ರಿಯಾ ಗಡಿಯ ಆಲ್ಪ್ಸ್ ಪರ್ವತ, ಸುಮಾರು 3,200 ಮೀಟರ್ ಎತ್ತರ. ಜರ್ಮನಿಯ ದಂಪತಿ ಹೆಲ್ಮುಟ್ ಮತ್ತು ಎರಿಕಾ ಸೈಮನ್ ಅಲ್ಲಿ ನಡೆದು ಹೋಗ್ತಾ ಇದ್ದಾಗ ಕರಗುತ್ತಿದ್ದ ಮಂಜಿನಲ್ಲಿ ಒಂದು ಶವ ಕಂಡಿತು. ಯಾರೋ ಇತ್ತೀಚೆಗೆ ಸತ್ತ ಪರ್ವತಾರೋಹಿ ಅಂತ ಅಂದುಕೊಂಡರು. ಪರೀಕ್ಷೆ ಮಾಡಿದರೆ ಆತ ಸತ್ತು ಸುಮಾರು 5,300 ವರ್ಷ ಆಗಿತ್ತು! ಅವನಿಗೆ ಓಟ್ಜಿ ಅಂತ ಹೆಸರಿಟ್ಟರು. ಈಗ ಇಟಲಿಯ ಬೊಲ್ಜಾನೊ ಊರಿನ ಮ್ಯೂಸಿಯಂನಲ್ಲಿ ಅವನನ್ನೂ ಅವನ ಸಾಮಾನುಗಳನ್ನೂ ಇಟ್ಟಿದ್ದಾರೆ.

ಆ ಸಾಮಾನುಗಳಲ್ಲಿ ಒಂದು ಚಾಕು ಇದೆ. ಹಿಡಿ, ಅಲಗು ಎರಡೂ ಸೇರಿ ಸುಮಾರು 13 ಸೆಂಟಿಮೀಟರ್. ಅಂದ್ರೆ ನಿಮ್ಮ ಕೈಯಲ್ಲಿರೋ ಫೋನಿಗಿಂತ ಚಿಕ್ಕದು. ಅಲಗು ಚಕಮಕಿ ಕಲ್ಲಿನದು, ಹಿಡಿ ಆ್ಯಶ್ ಮರದ್ದು, ಎರಡನ್ನೂ ಪ್ರಾಣಿಯ ನರದಿಂದ ಬಿಗಿದಿದ್ದಾರೆ. ಅದಕ್ಕೊಂದು ಒರೆಯೂ ಇದೆ. ಲಿಂಡೆನ್ ಮರದ ತೊಗಟೆಯ ನಾರನ್ನು ಹೆಣೆದು ಮಾಡಿದ್ದು. ಪಕ್ಕದಲ್ಲಿ ಸೊಂಟಕ್ಕೆ ಕಟ್ಟಿಕೊಳ್ಳೋಕೆ ಚರ್ಮದ ಕುಣಿಕೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಹಿಮದ ಬೆಟ್ಟ ದಾಟುವ ಮನುಷ್ಯ ಇಷ್ಟು ಚಿಕ್ಕ ಚಾಕು ಯಾಕಿಟ್ಟುಕೊಂಡ? ಯಾಕಂದ್ರೆ ದೊಡ್ಡ ಕೆಲಸಕ್ಕೆ ಅವನ ಹತ್ತಿರ ತಾಮ್ರದ ಕೊಡಲಿ ಇತ್ತು. ಮರ ಕಡಿಯೋದು ಕೊಡಲಿ ಕೆಲಸ. ನಾರು ಸೀಳೋದು, ಮಾಂಸ ಕೊಯ್ಯೋದು, ಬಾಣದ ಕಡ್ಡಿ ಹೆರೆಯೋದು ಚಾಕು ಕೆಲಸ. ನಾನು ತರಿಸಿದ್ದ ಚಾಕು ಇವೆರಡನ್ನೂ ತಾನೇ ಮಾಡ್ತೀನಿ ಅಂತಿತ್ತು. ಅದರಲ್ಲಿ ಸೌದೆ ಒಡೆಯೋಕೂ ಆಗಲಿಲ್ಲ, ಈರುಳ್ಳಿ ಹೆಚ್ಚೋಕೂ ಆಗಲಿಲ್ಲ.

ಓಟ್ಜಿ ಹತ್ತಿರ ಇನ್ನೊಂದು ವಸ್ತು ಇತ್ತು. ದಪ್ಪ ಪೆನ್ಸಿಲ್ ಥರ ಕಾಣುವ ಮರದ ತುಂಡು, ಅದರ ತುದಿಯಲ್ಲಿ ಜಿಂಕೆ ಕೊಂಬಿನ ಮೊನೆ. ಕಲ್ಲಿನ ಅಲಗು ಮೊಂಡಾದಾಗ ಅಂಚನ್ನು ಒತ್ತಿ ಚಕ್ಕೆ ಎಬ್ಬಿಸಿ ಮತ್ತೆ ಹರಿತ ಮಾಡುವ ಸಾಧನ ಅದು. 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಅವನ ಕಲ್ಲಿನ ಸಲಕರಣೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿತು. ಅವು ಮತ್ತೆ ಮತ್ತೆ ಹರಿತ ಮಾಡಿಸಿಕೊಂಡು ಸವೆದು ಹೋಗಿದ್ದವು. ಚಾಕುವಿನ ಮೊನೆ ಮುರಿದಿತ್ತು. ಹೊಸ ಕಲ್ಲು ಸಿಗದೆ ಇದ್ದುದರಲ್ಲೇ ನಿಭಾಯಿಸಿದ್ದಾನೆ ಪಾಪ. 5,300 ವರ್ಷದ ಹಿಂದೆಯೇ ಒಬ್ಬ ಮನುಷ್ಯ ಚಾಕು, ಒರೆ, ಮಸೆಯುವ ಸಾಧನ ಈ ಮೂರನ್ನೂ ಜೊತೆಯಾಗಿ ಇಟ್ಟುಕೊಂಡಿದ್ದ. ನಾವು ಆನ್‌ಲೈನಲ್ಲಿ ಚಾಕು ಒಂದನ್ನೇ ನೋಡಿ ಆರ್ಡರ್ ಮಾಡ್ತೀವಿ.

ಅಲ್ಲಿಂದ ಉತ್ತರಕ್ಕೆ, ಫಿನ್‌ಲ್ಯಾಂಡಿಗೆ ಹೋಗೋಣ. ಚಿಕ್ಕ ಚಾಕುವನ್ನು ದಿನಬಳಕೆಯ ವಸ್ತುವಾಗಿ ಇವರಷ್ಟು ಹಚ್ಚಿಕೊಂಡ ಜನ ಕಡಿಮೆ. ಅವರ ಚಾಕುವಿನ ಹೆಸರು ಪೂಕ್ಕೊ. ಅಲಗು ಸಾಮಾನ್ಯವಾಗಿ ಅಂಗೈ ಅಗಲದಷ್ಟು, 9–10 ಸೆಂಟಿಮೀಟರ್. ನೇರ ಬೆನ್ನು, ಮರದ ಹಿಡಿ, ಬೆರಳಿಗೆ ಅಡ್ಡ ಕೊಡುವ ಲೋಹದ ಪಟ್ಟಿ ಇಲ್ಲ. ಯಾಕಂದ್ರೆ ಇದು ಚುಚ್ಚುವ ಆಯುಧ ಅಲ್ಲ, ಕೆತ್ತುವ ಹತಾರ. ಒರೆಯಂತೂ ನೋಡಲೇಬೇಕು. ಚರ್ಮದ್ದು, ಆಳವಾದದ್ದು. ಅಲಗಿನ ಜೊತೆ ಹಿಡಿಯ ಅರ್ಧ ಭಾಗವೂ ಅದರೊಳಗೆ ಇಳಿಯುತ್ತದೆ. ಗುಂಡಿ ಇಲ್ಲ, ಪಟ್ಟಿ ಇಲ್ಲ, ಚರ್ಮವೇ ಹಿಡಿಯನ್ನು ಕಚ್ಚಿಕೊಳ್ಳುತ್ತದೆ. ಓಡಿದರೂ ಬಿದ್ದರೂ ಚಾಕು ಈಚೆ ಬರಲ್ಲ.

ಹಾಗಂತ ಫಿನ್‌ಲ್ಯಾಂಡಿನ ಕಥೆ ಪೂರ್ತಿ ಚಂದ ಅಂತಲ್ಲ. 19ನೇ ಶತಮಾನದಲ್ಲಿ ದಕ್ಷಿಣ ಒಸ್ಟ್ರೊಬೋಥ್ನಿಯಾ ಎಂಬ ಪ್ರಾಂತ್ಯದಲ್ಲಿ ಮದುವೆಮನೆ, ಸಂತೆಗಳಲ್ಲಿ ಕುಡಿದು ಚಾಕು ಎಳೆಯುವ ಪುಂಡರ ಹಾವಳಿ ಎದ್ದಿತ್ತು. ಅವರಿಗೆ ಪೂಕ್ಕೊ ಸೇರಿಸಿಯೇ ಒಂದು ಹೆಸರಿತ್ತು, ಪೂಕ್ಕೊಯುಂಕ್ಕಾರಿ ಅಂತ. ಬ್ರೆಡ್ಡು ಕೊಯ್ಯುವ ಚಾಕುವೇ ಜೀವ ತೆಗೆಯಿತು. ವಿಚಿತ್ರ ನೋಡಿ, ಅದೇ ಪ್ರಾಂತ್ಯದ ಕೌಹಾವಾ ಊರಿನಲ್ಲಿ 1879ರಲ್ಲಿ ಈಸಾಕ್ಕಿ ಯಾರ್ವೆನ್‌ಪ್ಯಾ ಎಂಬಾತ ಶುರು ಮಾಡಿದ ಚಾಕು ತಯಾರಿಕೆ ದೇಶಕ್ಕೆಲ್ಲ ಹೆಸರಾಯಿತು. ಹಿಡಿಯ ತುದಿಯಲ್ಲಿ ಕುದುರೆ ತಲೆ ಇರುವ ಪೂಕ್ಕೊ ಅಲ್ಲಿಯದು. ಈಗ ಆ ದೇಶದಲ್ಲೂ ಕೆಲಸ ಅಥವಾ ಬೇರೆ ಒಪ್ಪುವಂಥ ಕಾರಣ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ಚಾಕು ಇಟ್ಟುಕೊಳ್ಳೋದಕ್ಕೆ ಕಾನೂನು ಒಪ್ಪಲ್ಲ. ಚಾಕುವನ್ನು ಪ್ರೀತಿಸುವ ದೇಶವೇ ಆ ಪಾಠ ಕಲಿಯಬೇಕಾಯ್ತು.

ಪಕ್ಕದ ಸ್ವೀಡನ್ನಿನಲ್ಲಿ ಮೊರಾ ಅಂತ ಊರು. 1891ರಲ್ಲಿ ಫ್ರಾಸ್ಟ್ ಎರಿಕ್ ಎರ್ಸನ್ ಅಲ್ಲಿ ಮರ ಸಾಗಿಸುವ ಹಿಮಗಾಡಿ ಮಾಡುವ ಕಾರ್ಖಾನೆ ಹಾಕಿದ. ಗಾಡಿ ಮಾಡೋಕೆ ಚಾಕು ಬೇಕಲ್ಲ, ಅದನ್ನೂ ಅಲ್ಲೇ ಮಾಡಿದರು. ಕಾಲಕ್ರಮೇಣ ಗಾಡಿ ಹೋಯಿತು, ಚಾಕು ಉಳಿಯಿತು. ಇವತ್ತು ಚಾರಣದವರು 'ಮೊರಾ' ಅಂತ ಹೇಳೋದು ಅದೇ ಪರಂಪರೆಯ ಸಾದಾ ಚಾಕುಗಳನ್ನು. ಅದರ ಬಾಯಿಯನ್ನು ಗಮನಿಸಿ. ಎರಡೂ ಕಡೆ ಅಗಲವಾದ ಒಂದೊಂದೇ ಇಳಿಜಾರು. ಮಸೆಯುವಾಗ ಆ ಇಳಿಜಾರನ್ನು ಕಲ್ಲಿನ ಮೇಲೆ ಚಪ್ಪಟೆಯಾಗಿ ಒರಗಿಸಿದರೆ ಸಾಕು, ಕೋನ ತಾನಾಗೇ ಸಿಗುತ್ತೆ. ಹೊಸಬರಿಗೆ ಇದಕ್ಕಿಂತ ಸುಲಭದ್ದು ಇಲ್ಲ.

ಸರಿ, ಆಕಾರ ಆಯ್ತು. ಲೋಹ ಯಾವುದು? ಈ ಪ್ರಶ್ನೆ ನಮ್ಮನ್ನು ಮನೆಗೇ ಕರ್ಕೊಂಡು ಬರುತ್ತೆ.

1794ರಲ್ಲಿ ಮುಂಬಯಿಯಿಂದ ಹೆಲೆನಸ್ ಸ್ಕಾಟ್ ಎಂಬ ವೈದ್ಯ ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಒಂದು ಬಗೆಯ ಉಕ್ಕಿನ ಮಾದರಿ ಕಳಿಸಿದ. 1795ರಲ್ಲಿ ಜಾರ್ಜ್ ಪಿಯರ್ಸನ್ ಅದರ ಬಗ್ಗೆ ಪ್ರಬಂಧ ಬರೆದ. ಆ ಉಕ್ಕಿನ ಹೆಸರು 'ವೂಟ್ಜ್'. ಈ ಪದ ನಮ್ಮ 'ಉಕ್ಕು' ಅನ್ನೋದರಿಂದಲೇ ಬಂದದ್ದು ಅಂತ ಬಹಳಷ್ಟು ವಿದ್ವಾಂಸರು ಒಪ್ಪುತ್ತಾರೆ. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಕುಲುಮೆಗಳನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಕಬ್ಬಿಣದ ತುಂಡಿನ ಜೊತೆ ತಂಗಡಿ ಗಿಡದ ಕಡ್ಡಿ ಮತ್ತು ಹಸಿರೆಲೆಯನ್ನು ಮಣ್ಣಿನ ಮೂಸೆಯೊಳಗಿಟ್ಟು, ಬಾಯಿ ಮುಚ್ಚಿ, ಇದ್ದಿಲ ಬೆಂಕಿಯಲ್ಲಿ ಕಾಯಿಸುತ್ತಿದ್ದರು. ಕಡ್ಡಿ ಸುಟ್ಟು ಅದರ ಇಂಗಾಲ ಕಬ್ಬಿಣಕ್ಕೆ ಸೇರಿ ಉಕ್ಕಾಗುತ್ತಿತ್ತು.

ಇಲ್ಲಿ ನನಗೆ ಇಷ್ಟವಾದ ಸಂಗತಿ ಒಂದಿದೆ. ವೂಟ್ಜ್ ಅಂದ್ರೆ ಎಲ್ಲರೂ ಡಮಾಸ್ಕಸ್ ಖಡ್ಗದ ಬಗ್ಗೆ ಮಾತಾಡ್ತಾರೆ. ಆದರೆ ಲಂಡನ್ನಿನ ಜೇಮ್ಸ್ ಸ್ಟೋಡಾರ್ಟ್ ಎಂಬ ಚಾಕು ತಯಾರಕ ಪಿಯರ್ಸನ್ನನ ಪರೀಕ್ಷೆಗಾಗಿ ಆ ಉಕ್ಕಿನಿಂದ ಮಾಡಿದ್ದು ಪೆನ್ನು ಚೂಪು ಮಾಡುವ ಪುಟ್ಟ ಚಾಕು. ಆಮೇಲೆ ಅವನು ತನ್ನ ಅಂಗಡಿಯ ಕಾರ್ಡಿನಲ್ಲೇ ಅಚ್ಚು ಹಾಕಿಸಿದ, ಯುರೋಪಿನ ಒಳ್ಳೇ ಉಕ್ಕಿಗಿಂತ ಭಾರತದ ವೂಟ್ಜ್ ತನಗೆ ಮೇಲು ಅಂತ. ಮುಂದೆ ವಿಜ್ಞಾನಿ ಮೈಕೆಲ್ ಫ್ಯಾರಡೆ ಇದೇ ಸ್ಟೋಡಾರ್ಟ್ ಜೊತೆ ಸೇರಿ ಉಕ್ಕಿನ ಮೇಲೆ ಪ್ರಯೋಗ ಮಾಡಿದ.

ವೂಟ್ಜ್‌ನಲ್ಲಿ ಇಂಗಾಲ ಜಾಸ್ತಿ, ಸುಮಾರು ಶೇಕಡ 1ರಿಂದ 2. ಗಟ್ಟಿ ಬಾಯಿ ಬರುತ್ತೆ, ಆದರೆ ತುಕ್ಕು ಹಿಡಿಯುತ್ತೆ. ತುಕ್ಕಿಗೆ ಮದ್ದು ಸಿಕ್ಕಿದ್ದು 1913ರಲ್ಲಿ, ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ. ಬಂದೂಕಿನ ನಳಿಗೆ ಸವೆಯದಂತೆ ಮಾಡೋಕೆ ಹೊರಟಿದ್ದ ಹ್ಯಾರಿ ಬ್ರೇರ್ಲಿ ಉಕ್ಕಿಗೆ ಸುಮಾರು ಶೇಕಡ 13ರಷ್ಟು ಕ್ರೋಮಿಯಂ ಬೆರೆಸಿದ. ಅದು ತುಕ್ಕು ಹಿಡಿಯಲಿಲ್ಲ. ಚಾಕು ಮಾಡಿ ಅಂತ ಊರಿನ ಕಸುಬುದಾರರಿಗೆ ಕೊಟ್ಟರೆ, ಅವರು ಮೊದಮೊದಲು ಬ್ರೇರ್ಲಿಯನ್ನು ಕತ್ತರಿಸದ ಚಾಕು ಕಂಡುಹಿಡಿದವನು ಅಂತ ಗೇಲಿ ಮಾಡಿದರು. ಆಮೇಲೆ ಅದೇ ಸ್ಟೇನ್‌ಲೆಸ್ ಸ್ಟೀಲ್ ಆಗಿ ನಮ್ಮ ಅಡುಗೆಮನೆಗೆಲ್ಲ ಬಂತು.

ಆ ತಕರಾರು ಇವತ್ತಿಗೂ ಮುಗಿದಿಲ್ಲ. ಕಾರ್ಬನ್ ಸ್ಟೀಲ್ ಸುಲಭವಾಗಿ ಹರಿತ ಆಗುತ್ತೆ, ಆದರೆ ಒದ್ದೆ ಆದಮೇಲೆ ಒರೆಸಿ ಎಣ್ಣೆ ಸವರದಿದ್ದರೆ ಬೆಳಗಾಗುವಷ್ಟರಲ್ಲಿ ಕೆಂಪಗಾಗುತ್ತೆ. ಸ್ಟೇನ್‌ಲೆಸ್ ಸ್ವಲ್ಪ ಸೋಮಾರಿತನ ಸಹಿಸುತ್ತೆ. ಆಗುಂಬೆ ಮಳೆಯಲ್ಲಿ ನಡೆಯೋರಿಗೆ, ಮನೆಗೆ ಬಂದು ಬ್ಯಾಗನ್ನು ಮೂರು ದಿನ ಬಿಚ್ಚದೆ ಬಿಡೋ ನನ್ನಂಥವರಿಗೆ ಸ್ಟೇನ್‌ಲೆಸ್ಸೇ ಸರಿ.

ಇನ್ನು ಕೊಡಗು. ಕೊಡವ ಗಂಡಸರು ಕುಪ್ಯ ತೊಟ್ಟು ನಿಂತ ಫೋಟೋ ನೀವು ನೋಡಿರ್ತೀರಿ. ಸೊಂಟಕ್ಕೆ ಸುತ್ತಿದ ಕೆಂಪು ಚೇಲೆಯ ಮುಂಭಾಗದಲ್ಲಿ ಸಿಕ್ಕಿಸಿದ ಚಿಕ್ಕ ಕತ್ತಿಯೇ ಪೀಚೆಕತ್ತಿ. ಬೆನ್ನ ಹಿಂದೆ ತೋಡಂಗ್ ಎಂಬ ಲೋಹದ ಹಿಡಿಕೆಯಲ್ಲಿ ಅಗಲವಾದ ಒಡಿಕತ್ತಿ. ಮದುವೆಯಲ್ಲಿ ನೆಟ್ಟ ಬಾಳೆದಿಂಡು ಕಡಿಯೋದು ಒಡಿಕತ್ತಿಯಿಂದ. ಓಟ್ಜಿಯ ಲೆಕ್ಕವೇ ಇಲ್ಲೂ ಇದೆ. ದೊಡ್ಡದಕ್ಕೆ ಬೇರೆ ಜಾಗ, ಚಿಕ್ಕದಕ್ಕೆ ಬೇರೆ ಜಾಗ. ಪೀಚೆಕತ್ತಿಯ ಒರೆಗೆ ಬೆಳ್ಳಿಯ ಅಲಂಕಾರ, ಸರಪಳಿ. ಅಲಗು ಒಳಗೇ ಇರುತ್ತೆ, ಜನ ನೋಡೋದು ಒರೆಯನ್ನು. ಕೈಲ್‌ಪೊಳ್ದ್ ಹಬ್ಬದ ದಿನ ಆಯುಧಗಳನ್ನು ತೊಳೆದು ಹೂವಿಟ್ಟು ಪೂಜಿಸುತ್ತಾರೆ. ಕತ್ತಿಯನ್ನು ಹೊರಗೆ ತೆಗೆಯೋಕೆ ಒಂದು ದಿನ, ಒಂದು ಕಾರಣ ಇರಬೇಕು ಅನ್ನೋ ಶಿಸ್ತು ಅದರಲ್ಲಿ ನನಗೆ ಕಾಣುತ್ತೆ.

ಹಾಗಾದ್ರೆ ನನ್ನ ಆ ಭಯಂಕರ ಚಾಕು ಎಲ್ಲಿಂದ ಬಂತು? ಸಿನಿಮಾದಿಂದ. 1982ರ 'ಫಸ್ಟ್ ಬ್ಲಡ್' ಚಿತ್ರಕ್ಕೆ ಅಮೆರಿಕದ ಆರ್ಕನ್ಸಾ ರಾಜ್ಯದ ಜಿಮ್ಮಿ ಲೈಲ್ ಎಂಬ ಚಾಕು ತಯಾರಕ ಒಂದು ಚಾಕು ಮಾಡಿಕೊಟ್ಟ. 9 ಇಂಚಿನ ಅಲಗು, ಗರಗಸದ ಬೆನ್ನು, ಟೊಳ್ಳು ಹಿಡಿ. ಅದರಲ್ಲಿ ರ‍್ಯಾಂಬೊ ತನ್ನ ಗಾಯವನ್ನು ತಾನೇ ಹೊಲ್ಕೊಳ್ತಾನೆ. ಲೈಲ್ ಕೈಕಸುಬಿನವನು, ಅವನದು ಗಟ್ಟಿ ಕೆಲಸ. ಆದರೆ ಆಮೇಲೆ ಬಂದ ಅಗ್ಗದ ನಕಲುಗಳಲ್ಲಿ ತೊಂದರೆ ಇತ್ತು. ಹಿಡಿ ಟೊಳ್ಳಾದರೆ ಅಲಗಿನ ಬಾಲ ಅದರೊಳಗೆ ಉದ್ದಕ್ಕೆ ಹೋಗೋಕೆ ಜಾಗವೇ ಇರಲ್ಲ. ಎಲ್ಲ ಭಾರವೂ ಅಲಗು–ಹಿಡಿ ಸೇರುವ ಒಂದೇ ಜಾಗಕ್ಕೆ ಬೀಳುತ್ತೆ, ಸಡಿಲ ಆಗೋದೂ ಅಲ್ಲೇ. ಅದಕ್ಕೇ ಕೊಳ್ಳುವಾಗ ಕೇಳಿ, ಲೋಹ ಹಿಡಿಯೊಳಗೆ ಎಲ್ಲಿವರೆಗೆ ಹೋಗಿದೆ? ಹಿಡಿಯಷ್ಟೇ ಅಗಲವಾಗಿ ತುದಿವರೆಗೆ ಹೋಗಿದ್ದರೆ ಅದು ಫುಲ್ ಟ್ಯಾಂಗ್. ಪೂಕ್ಕೊದಲ್ಲಿ ಹೋಗುವಂತೆ ಸಪೂರ ಬಾಲ ಮರದೊಳಗೆ ಆಳವಾಗಿ ಹೋಗಿದ್ದರೂ ಕೆತ್ತುವ ಕೆಲಸಕ್ಕೆ ಸಾಕು.

ಈಗ ಒಂದು ಮುಖ್ಯ ವಿಷಯ, ದಯವಿಟ್ಟು ಇಲ್ಲಿ ಸ್ಕಿಪ್ ಮಾಡಬೇಡಿ. ಕಾನೂನು.

ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ. ಅದರಡಿ 2016ರ ನಿಯಮಗಳು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಾದ ಅಲಗಿನ ಚಾಕುಗಳನ್ನು ಆಯುಧಗಳ ಪಟ್ಟಿಯಲ್ಲಿ ಸೇರಿಸುತ್ತವೆ. ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಯ ಬಳಕೆಗೆಂದು ಮಾಡಿದವನ್ನು ಬಿಟ್ಟು. ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ ಅಂಥವಕ್ಕೆ ಲೈಸೆನ್ಸ್ ಬೇಕು. ಹಾಗಂತ ಚಿಕ್ಕದಾದ್ರೆ ಎಲ್ಲಿ ಬೇಕಾದ್ರೂ ಒಯ್ಯಬಹುದು ಅಂತಲ್ಲ. ವಿಮಾನದ ಕ್ಯಾಬಿನ್ ಬ್ಯಾಗಿನಲ್ಲಿ ಚಾಕು ಬಿಡಲ್ಲ. ಮೆಟ್ರೋ ಗೇಟಿನಲ್ಲೂ ತಡೀತಾರೆ.

ಚಾರಣಿಗರಿಗೆ ಗೊತ್ತೇ ಇಲ್ಲದ ಇನ್ನೊಂದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿ ಇಲ್ಲದೆ ಆಯುಧದ ಜೊತೆ ಅಭಯಾರಣ್ಯ ಪ್ರವೇಶಿಸುವಂತಿಲ್ಲ. ಅದೇ ಕಾಯ್ದೆ 'ಆಯುಧ' ಅಂದ್ರೆ ಏನು ಅಂತ ಪಟ್ಟಿ ಕೊಡುವಾಗ ಬಂದೂಕು, ಬಲೆ, ಉರುಳಿನ ಜೊತೆ ಚಾಕುವನ್ನೂ ಹೇಳುತ್ತೆ. ಉದ್ದದ ಮಾತೇ ಇಲ್ಲ. ರಾಷ್ಟ್ರೀಯ ಉದ್ಯಾನಕ್ಕೂ ಇದು ಅನ್ವಯ. ಅಂದ್ರೆ ಕುದುರೆಮುಖ ಶಿಖರಕ್ಕೆ ಹೋಗುವಾಗ ನಿಮ್ಮ ಪ್ರೀತಿಯ ಮೂರೂವರೆ ಇಂಚಿನ ಚಾಕು ಮನೆಯಲ್ಲೇ ಇರಬೇಕು. ಕಳ್ಳಬೇಟೆ ತಡೆಯೋಕೆ ಇರೋ ನಿಯಮ ಇದು, ಬೇಜಾರು ಮಾಡ್ಕೊಳ್ಳೋದು ಬೇಡ. ಬ್ರೆಡ್ಡಿಗೆ ಬೆಣ್ಣೆ ಹಚ್ಚೋಕೆ ಚಮಚ ಸಾಕು.

ಊರೊಳಗೆ ದಿನಾ ಸೊಂಟಕ್ಕೆ ಕಟ್ಟಿಕೊಂಡು ಓಡಾಡಬೇಕಾ? ನನ್ನ ಉತ್ತರ, ಬೇಡ. ಆತ್ಮರಕ್ಷಣೆಗೆ ಅಂತ ಕೇಳೋರಿಗೆ ಫಿನ್‌ಲ್ಯಾಂಡಿನ ಆ ಮದುವೆಮನೆಗಳನ್ನು ನೆನಪು ಮಾಡ್ತೀನಿ. ಅಲ್ಲಿ ಚಾಕು ಇಟ್ಟುಕೊಂಡಿದ್ದ ಯಾರೂ ಕೊಲೆ ಮಾಡೋಕೆ ಅಂತ ಮನೆಯಿಂದ ಹೊರಟಿರಲಿಲ್ಲ ಅನ್ಸುತ್ತೆ. ಕೈಗೆ ಸಿಗುವ ಹಾಗೆ ಇತ್ತು, ಅಷ್ಟೇ. ತೋಟ ಇದ್ದರೆ, ಅನುಮತಿ ಇರುವ ಜಾಗದಲ್ಲಿ ಕ್ಯಾಂಪ್ ಮಾಡ್ತೀರಿ ಅಂದ್ರೆ, ಆಗ ಇಟ್ಟುಕೊಳ್ಳಿ.

ಆಗ ಏನು ನೋಡಬೇಕು? ಅಲಗು 3ರಿಂದ 4 ಇಂಚು. ದಪ್ಪ 3 ಮಿಲಿಮೀಟರ್ ಆಸುಪಾಸು, ಅದಕ್ಕಿಂತ ದಪ್ಪ ಆದ್ರೆ ಟೊಮೆಟೊ ಹೆಚ್ಚೋಕಾಗಲ್ಲ, ಜಜ್ಜುತ್ತೆ. ಹಿಡಿ ಒದ್ದೆ ಕೈಗೂ ಜಾರಬಾರದು, ನಾಲ್ಕು ಬೆರಳೂ ಅದರ ಮೇಲೆ ಕೂರಬೇಕು. ಕೊನೆಗೆ ಒರೆ. ಚಾಕುವನ್ನು ಒರೆಯಲ್ಲಿಟ್ಟು ತಲೆಕೆಳಗೆ ಮಾಡಿ ಜೋರಾಗಿ ಅಲ್ಲಾಡಿಸಿ. ಬಿದ್ದರೆ ಕೊಳ್ಳಬೇಡಿ. ಒರೆಯ ಕೆಳತುದಿಯನ್ನು ಬೆರಳಲ್ಲಿ ಒತ್ತಿ ನೋಡಿ. ಮೆತ್ತಗೆ ಬಾಗಿದರೆ, ನಾಳೆ ಅಲ್ಲಿಂದಲೇ ಮೊನೆ ಈಚೆ ಬರುತ್ತೆ. ಈ ಎರಡು ಪರೀಕ್ಷೆಗೆ ಒಂದು ನಿಮಿಷ ಸಾಕು. ನಾನು ಅದನ್ನು ಮಾಡಿದ್ದಿದ್ರೆ ಈ ಸಂಚಿಕೆಯೇ ಇರ್ತಿರಲಿಲ್ಲ.

ಕನ್ನಡದಲ್ಲಿ ಕತ್ತಿಯ ಕವಚಕ್ಕೂ ಒರೆ ಅಂತೀವಿ, ಚಿನ್ನ ಉಜ್ಜಿ ಪರೀಕ್ಷೆ ಮಾಡೋದಕ್ಕೂ ಒರೆ ಹಚ್ಚೋದು ಅಂತೀವಿ. ಅಜ್ಜನಿಗೆ ಇದನ್ನು ಹೇಳಿದಾಗ ಅವರಿಗೆ ಅದು ದೊಡ್ಡ ವಿಷಯ ಅನ್ನಿಸಲಿಲ್ಲ. ಅವರು ತೋಟದಿಂದ ಬಿದ್ದ ಅಡಿಕೆ ಹಾಳೆ ತಂದು ನೀರಲ್ಲಿ ನೆನೆಸಿದ್ದರು. ಅದನ್ನು ಎರಡು ಪದರ ಮಡಿಸಿ, ಮೊನೆ ಬರುವ ಕಡೆ ಎರಡು ಬಿದಿರಿನ ಸೀಳು ಇಟ್ಟು, ದಪ್ಪ ದಾರದಲ್ಲಿ ಹೊಲಿದು, ತಮ್ಮ ಹಳೇ ಚಾಕುವನ್ನು ಅದರಲ್ಲಿ ತೂರಿಸಿ ಒಣಗೋಕೆ ಬಿಟ್ಟರು. ಮಾರನೇ ದಿನ ಅದು ಚಾಕುವಿನ ಆಕಾರಕ್ಕೇ ಗಟ್ಟಿಯಾಗಿ ನಿಂತಿತ್ತು. ತಲೆಕೆಳಗೆ ಮಾಡಿ ಅಲ್ಲಾಡಿಸಿದರು. ಬೀಳಲಿಲ್ಲ. ನನ್ನ ಕೈಗೆ ಕೊಟ್ಟು, "ಕುಂಟದೆ ನಡೆಯೋಕೆ ಆದ್ಮೇಲೆ ಕಟ್ಕೋ" ಅಂದರು.

ಆಲ್ಪ್ಸ್‌ನ ಮನುಷ್ಯ ಮರದ ನಾರಿನಲ್ಲಿ ಮಾಡಿದ್ದನ್ನು ಅಜ್ಜ ಅಡಿಕೆ ಹಾಳೆಯಲ್ಲಿ ಮಾಡಿದ್ದರು. ಓಟ್ಜಿ ಹೆಸರನ್ನು ಅವರು ಕೇಳಿಯೇ ಇರಲಿಲ್ಲ. ಆ ಸಿನಿಮಾ ಚಾಕು ಈಗ ಅವರ ಕೊಟ್ಟಿಗೆಯಲ್ಲಿ ನೇತಾಡ್ತಿದೆ. ಹಗ್ಗ ಕಟ್ಟೋಕೆ ಮೊಳೆ ಥರ ಉಪಯೋಗಿಸ್ತಾರೆ.

ನಿಮ್ಮ ಮನೆಯಲ್ಲೂ ಇಂಥ ಹಳೇ ಚಾಕು, ಕತ್ತಿ ಇದ್ದರೆ ಅದರ ಒರೆ ಯಾವುದರಲ್ಲಿ ಮಾಡಿದ್ದು ಅಂತ ಹಿರಿಯರನ್ನು ಒಮ್ಮೆ ಕೇಳಿ ನೋಡಿ. ಮುಂದಿನ ವಾರ ಇನ್ನೊಂದು ಕಥೆ ಜೊತೆ ಸಿಗ್ತೀನಿ. ಅಲ್ಲಿವರೆಗೆ, ಜಾರೋ ಜಾಗದಲ್ಲಿ ನೋಡ್ಕೊಂಡು ನಡೀರಿ. ನಮಸ್ಕಾರ.